ಓಡಿಸ್ಬಾರ್ದು, ತಳ್ಳಬಹುದು

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ವಿದ್ಯಾರಣ್ಯಪುರದಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದ ನಮ್ಮ ಬಸ್ಸನ್ನ ತಪಾಸಣೆಗೆ ನಿಲ್ಲಿಸಿದ್ರು. ಡ್ರೈವರ್ ನಾನೇ. ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ಓನರ್‌ಗೆ ವಾರದಿಂದ ಹೇಳ್ತಾನೇ ಇದ್ದೆ. "ನಿಧಾನಕ್ಕೆ ಓಡ್ಸಪ್ಪ, ಸಾಕು" ಅಂತಿದ್ರು.

ಆರ್‌ಟಿಓ ಇನ್‌ಸ್ಪೆಕ್ಟರ್ ನನ್ನ ಲೈಸೆನ್ಸ್ ಇಸ್ಕೊಂಡು, ಬ್ರೇಕ್ ಪೆಡಲ್ ಒತ್ತಿ ನೋಡಿ, ನೋಟಿಸ್ ಬರೆದು ಕೊಟ್ರು. "ರಿಪೇರಿ ಆಗೋವರೆಗೂ ಗಾಡಿ ಓಡಿಸ್ಬೇಡ." ನಂಗೆ ಒಳಗೊಳಗೇ ಖುಷಿಯಾಯ್ತು.

ಅಷ್ಟರಲ್ಲಿ ಟ್ರಾಫಿಕ್ ಪೇದೆ ಬಂದು, "ಇಡೀ ರೋಡ್ ಜಾಮ್ ಆಗಿದೆ, ತೆಗಿಯಯ್ಯ ಗಾಡಿ!" ಅಂತ ರೇಗಿದ್ರು.

"ಓಡಿಸ್ಬಾರ್ದಂತೆ ಸಾರ್," ಅಂದೆ.

ಇನ್‌ಸ್ಪೆಕ್ಟರ್ ಸ್ವಲ್ಪ ಯೋಚನೆ ಮಾಡಿ, "ಓಡಿಸ್ಬಾರ್ದು, ತಳ್ಳಬಹುದು," ಅಂತ ತೀರ್ಪು ಕೊಟ್ರು.

ಹೆಣ್ಮಕ್ಕಳೆಲ್ಲ ಇಳಿದು ತಳ್ಳಿದ್ರು. ನಾನು ಸ್ಟೇರಿಂಗ್ ಹಿಡ್ಕೊಂಡು ಕೂತೆ. ಮುಂದೆ ಇಳಿಜಾರು. ಪೆಡಲ್ ಮೇಲೆ ಎದ್ದು ನಿಂತ್ರೂ ಬಸ್ಸು ನಿಲ್ಲಲಿಲ್ಲ. ಖಾಲಿ ನಿಂತಿದ್ದ ಇನ್‌ಸ್ಪೆಕ್ಟರ್ ಜೀಪಿಗೆ ಮೆಲ್ಲಗೆ ಗುದ್ದಿ, ಆಮೇಲೆ ನಿಂತ್ಕೊಳ್ತು.

ಅವರು ಓಡಿಬಂದು ಕಿರುಚಿದ್ರು, "ಬ್ರೇಕ್ ಹಾಕೋಕೆ ಏನಾಗಿತ್ತೋ ನಿಂಗೆ?"

ಹೆಣ್ಮಕ್ಕಳೆಲ್ಲ ಗೊಳ್ಳಂತ ನಕ್ಕುಬಿಟ್ರು. ನಾನೊಬ್ನೇ ನಗಲಿಲ್ಲ ಕಣ್ರೀ. ನನ್ನ ಲೈಸೆನ್ಸ್ ಇನ್ನೂ ಇನ್‌ಸ್ಪೆಕ್ಟರ್ ಕೈಯಲ್ಲೇ ಇತ್ತು.