ಪಾಸ್‌ಪೋರ್ಟಿನ ಎಂಟು ವರ್ಷ

ಮೀನು ಹಿಡಿಯಲು ವಿಮಾನದಲ್ಲಿ ಹೋಗೋಣ ಎಂದು ನಾನು ಹೇಳಿದಾಗ ಅಪ್ಪ ಊಟದ ಬಟ್ಟಲಿನಿಂದ ತಲೆ ಎತ್ತಿದರು.

“ಮೀನು ಎಂತ, ಮೋಡದಲ್ಲಿ ಉಂಟಾ?”

ಸೌದಿಯ ಜಿದ್ದಾದ ಅಜೀಜಿಯಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಅವರು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದರು. ಬಂದು ಹದಿನೈದು ದಿನವಾಗಿತ್ತು. ನಾನು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಇಲ್ಲಿಂದ ಜಿಜಾನಿಗೆ ವಿಮಾನ, ಅಲ್ಲಿಂದ ಫೆರಿಯಲ್ಲಿ ಫರಸಾನ್ ದ್ವೀಪ, ದ್ವೀಪದಿಂದ ಒಂದು ಸಣ್ಣ ಬೋಟ್. ಈದ್ ರಜೆಯಲ್ಲಿ ಎರಡು ದಿನ ಕೆಂಪು ಸಮುದ್ರದ ಮೇಲೆ ಗಾಳ ಹಾಕಿಕೊಂಡು ಕೂರುವುದು.

“ಬಲೆ ಇಲ್ವಾ?”

“ಇಲ್ಲ ಅಪ್ಪಾ. ಗಾಳ ಮಾತ್ರ.”

“ಹಾಗಾದ್ರೆ ಅದು ಮೀನು ಹಿಡಿಯುದಲ್ಲ. ಮೀನಿನ ಹತ್ರ ಭಿಕ್ಷೆ ಬೇಡುದು.”

ನಾವು ಮನೆಯಲ್ಲಿ ಆಡುವುದು ತುಳು. ಬರೆಯಲು ನನಗೆ ಬರುವುದು ಕನ್ನಡ. ಆದ್ದರಿಂದ ಅಪ್ಪನ ಮಾತನ್ನು ಇಲ್ಲಿ ನಮ್ಮ ಕರಾವಳಿಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರ ತುಳುವಿನಲ್ಲಿ ಇದಕ್ಕಿಂತ ಹೆಚ್ಚು ಖಾರವಿತ್ತು.

ಅಪ್ಪ ತಾಂಡೇಲರಾಗಿದ್ದವರು. ಬೋಟ್ ಎತ್ತ ಹೋಗಬೇಕು, ಬಲೆ ಎಲ್ಲಿ ಬೀಳಬೇಕು, ಯಾವಾಗ ತಿರುಗಬೇಕು ಎಂದು ಹೇಳುವುದು ತಾಂಡೇಲ. ಇಪ್ಪತ್ತೇಳು ವರ್ಷ ಅವರು ಹೇಳಿದ್ದೇ ಆಗುತ್ತಿತ್ತು, ಸಮುದ್ರದಲ್ಲೂ ಮನೆಯಲ್ಲೂ. ಅಷ್ಟು ವರ್ಷಗಳಲ್ಲಿ ನಾನು ಒಂದು ಸಲವೂ ಅವರ ಬೋಟಿನಲ್ಲಿ ಕುಳಿತಿಲ್ಲ. ನಮ್ಮಲ್ಲಿ ಹೆಂಗಸರು ಮೀನಿನ ಬೋಟ್ ಹತ್ತುವಂತಿಲ್ಲ. ಮೀನು ಮಾರಬಹುದು, ಒಣಗಿಸಬಹುದು, ತಲೆಯ ಮೇಲೆ ಹೊತ್ತು ಮನೆಮನೆ ತಿರುಗಬಹುದು. ಬೋಟಿಗೆ ಕಾಲಿಟ್ಟರೆ ಮಾತ್ರ ಸಮುದ್ರಕ್ಕೆ ಮುನಿಸು.

ನನಗೆ ಒಂಬತ್ತು ವರ್ಷವಿದ್ದಾಗ ಬಂದರಿನ ದಕ್ಕೆಗೆ ಅಪ್ಪನ ಬುತ್ತಿ ಒಯ್ದಿದ್ದೆ. ಬೋಟ್ ದಕ್ಕೆಗೆ ತಾಗಿಕೊಂಡೇ ಇತ್ತು. ಒಂದು ಕಾಲು ಇಟ್ಟೆ, ಅಷ್ಟೆ. ಯಾರೋ ಕೂಗಿದರು. ಅಪ್ಪ ಬಂದು ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ದಡದ ಮೇಲೆ ಇಟ್ಟರು, ಬೈಯಲಿಲ್ಲ. ಮರುದಿನ ಬೋಟ್ ಬರಿಗೈಯಲ್ಲಿ ಬಂತು. ಆ ತಪ್ಪು ನನ್ನ ತಲೆಗೆ ಬಂತು. ನನ್ನ ಮದುವೆಯ ದಿನವೂ ಒಬ್ಬ ಮುದುಕ ಅದನ್ನು ನೆನಪಿಸಿ ನಕ್ಕ. ನಾನು ನಗಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ.

ಅಣ್ಣನನ್ನು ಮಾತ್ರ ಅಪ್ಪ ಅಳಿವೆಯ ನೀರಿಗೆ ಎಸೆದು ಎಸೆದು ಈಜು ಕಲಿಸಿದರು. ನಾನು ದಡದಲ್ಲಿ ಕುಳಿತು ಇಬ್ಬರ ಬಟ್ಟೆ ಕಾಯುತ್ತಿದ್ದೆ.

ಈಗ ಹೇಳುತ್ತೇನೆ, ಫರಸಾನ್ ಪ್ರವಾಸ ಅಪ್ಪನಿಗಾಗಿ ಎಂದು ನಾನು ಎಲ್ಲರಿಗೂ ಹೇಳಿದ್ದು ಅರ್ಧ ಸುಳ್ಳು. ಒಂದೇ ಒಂದು ಸಲ ಅಪ್ಪನ ಜೊತೆ ಬೋಟಿನಲ್ಲಿ ಕೂರಬೇಕು ಎಂಬ ನನ್ನ ಆಸೆಗೆ ಮೂವತ್ತೈದು ವರ್ಷ ವಯಸ್ಸಾಗಿತ್ತು. ಫರಸಾನಿನ ಬೋಟಿಗೆ ಅಪ್ಪನೂ ನಾನೂ ಇಬ್ಬರೂ ಪ್ರಯಾಣಿಕರು. ಅಲ್ಲಿ ನನ್ನನ್ನು ಎತ್ತಿ ಇಳಿಸುವವರು ಯಾರೂ ಇರುತ್ತಿರಲಿಲ್ಲ.

ಮೂರು ದಿನ ಗೇಲಿ ಮಾಡಿದ ಮೇಲೆ ಅಪ್ಪನಿಗೂ ಆಸೆ ಹತ್ತಿತು. ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದರೆ ಹಮೂರ್ ಮೀನಿನ ಕಿವಿರು ಎತ್ತಿ ನೋಡಿ, “ಇದು ನಮ್ಮ ಮುರು. ಅರಬ್ಬಿ ಹೆಸರಿಟ್ಟ ಕೂಡಲೇ ಇಷ್ಟು ಕ್ರಯವಾ?” ಎಂದು ಕೇಳಿದರು. ಜಿಜಾನಿನ ಗಾಳಿ ಈ ತಿಂಗಳಲ್ಲಿ ಯಾವ ಕಡೆಯಿಂದ ಎಂದು ನನ್ನ ಗಂಡನಲ್ಲಿ ವಿಚಾರಿಸಿದರು. ರಿಯಾದಿನ ಹೆಡ್ ಆಫೀಸಿನ ಇಮೇಲ್ ಬಿಟ್ಟು ಬೇರೆ ಯಾವ ಗಾಳಿಯೂ ಗೊತ್ತಿಲ್ಲದ ಮನುಷ್ಯ ಅವರು. ಆದರೂ ಫೋನ್ ನೋಡಿ ಗಂಭೀರವಾಗಿ ಉತ್ತರ ಕೊಟ್ಟರು. ಹಳೆಯ ಪೇಟೆ ಬಲದ್‌ನ ಒಂದು ಅಂಗಡಿಯಿಂದ ಗಾಳ, ನೂಲು, ಸೀಸದ ಗುಂಡು ತಂದೆವು. ಅಂಗಡಿಯಿಂದ ಇಳಿಯುವಾಗ ಎರಡು ಮೆಟ್ಟಿಲಿಗೆ ಅಪ್ಪ ಕಂಬಿ ಹಿಡಿದರು. ನಾನು ಅದನ್ನು ನೋಡಿದೆ. ಬೇರೆ ಕಡೆ ತಿರುಗಿದೆ.

ತೊಡಕು ಬಂದದ್ದು ಪಾಸ್‌ಪೋರ್ಟಿನಿಂದ.

ಪ್ರವಾಸ ಏರ್ಪಾಡು ಮಾಡುತ್ತಿದ್ದವನು ಜಿಜಾನಿನಲ್ಲಿದ್ದ ಒಬ್ಬ ಮಲಯಾಳಿ. ಬೋಟ್ ಹತ್ತುವವರ ಹೆಸರು, ವಯಸ್ಸು ಮೊದಲೇ ಕೋಸ್ಟ್ ಗಾರ್ಡಿಗೆ ಕೊಡಬೇಕು, ಕಾಗದಗಳ ಫೋಟೊ ಕಳಿಸಿ ಎಂದ. ನನ್ನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಕಳಿಸಿದೆ, ಅಪ್ಪನ ಪಾಸ್‌ಪೋರ್ಟ್ ಕಳಿಸಿದೆ. ಹತ್ತು ನಿಮಿಷದಲ್ಲಿ ಅವನ ಫೋನ್ ಬಂತು.

“ಟೀಚರ್, ಅಪ್ಪನಿಗೆ ಎಪ್ಪತ್ತೆಂಟಾ? ನೀವು ಎಪ್ಪತ್ತು ಅಂದಿದ್ದಿರಿ.”

“ಎಪ್ಪತ್ತೇ. ಪಾಸ್‌ಪೋರ್ಟಿನಲ್ಲಿ ಇರುವುದು ಸರಿಯಲ್ಲ.”

ಪಾಸ್‌ಪೋರ್ಟ್ ಸರಿಯಲ್ಲ ಎಂಬ ಮಾತನ್ನು ಈ ದೇಶದಲ್ಲಿ ಫೋನಿನಲ್ಲಿ ಹೇಳಬಾರದು ಎಂದು ಹೇಳಿದ ಮೇಲೆ ನನಗೆ ಹೊಳೆಯಿತು.

ನಮ್ಮ ಕಡೆ ಎರಡು ವಯಸ್ಸಿನ ಗಂಡಸರು ತುಂಬ ಜನ. ಅಪ್ಪ ಹದಿನೇಳಕ್ಕೆ ಗಲ್ಫಿಗೆ ಹೊರಟಾಗ ಅಷ್ಟು ಸಣ್ಣ ಹುಡುಗನಿಗೆ ವೀಸಾ ಸಿಗುವುದಿಲ್ಲ ಎಂದು ಬೊಂಬಾಯಿಯ ಏಜೆಂಟ್ ಇಪ್ಪತ್ತೈದು ಎಂದು ಬರೆಸಿದ. ಮೀಸೆ ಮೂಡದ ಮುಖಕ್ಕೆ ಎಂಟು ವರ್ಷ ಪುಕ್ಕಟೆ. ಐದು ವರ್ಷ ಅರಬ್ಬಿಗಳ ಟಗ್ ಬೋಟಿನಲ್ಲಿ ದುಡಿದು ಅಪ್ಪ ಊರಿಗೆ ಬಂದರು, ತಾಂಡೇಲರಾದರು. ಆ ಎಂಟು ವರ್ಷ ಮಾತ್ರ ಪಾಸ್‌ಪೋರ್ಟಿನಿಂದ ಪಾಸ್‌ಪೋರ್ಟಿಗೆ ದಾಟಿಕೊಂಡು ಬಂತು. ಹುಡುಗನ ವಯಸ್ಸೆಷ್ಟು ಎಂದು ಅಮ್ಮನ ಮನೆಯವರು ಮದುವೆಗೆ ಮೊದಲು ಕೇಳಿದಾಗ, ‘ಯಾವ ವಯಸ್ಸು?’ ಎಂದು ಉತ್ತರ ಬಂದಿತ್ತಂತೆ. ತೀರಿಕೊಳ್ಳುವವರೆಗೂ ಅಮ್ಮ ಅದನ್ನು ಹೇಳಿ ನಗುತ್ತಿದ್ದಳು. ಅಪ್ಪನಿಗೆ ಮಾತ್ರ ಕಾಗದದ ವಯಸ್ಸೆಂದರೆ ಮೈ ಉರಿ. ಬ್ಯಾಂಕಿನಲ್ಲಿ ಯಾರಾದರೂ ಅದನ್ನು ಓದಿ ಹೇಳಿದರೆ, “ಅದು ಏಜೆಂಟನ ವಯಸ್ಸು, ನನ್ನದಲ್ಲ” ಎನ್ನುತ್ತಿದ್ದರು.

ಎಪ್ಪತ್ತೈದು ದಾಟಿದವರನ್ನು ಡಾಕ್ಟರರ ಕಾಗದವಿಲ್ಲದೆ ಕ್ಯಾಪ್ಟನ್ ಹತ್ತಿಸುವುದಿಲ್ಲ ಎಂದ ಮಲಯಾಳಿ. ನಾನು ವಾದಿಸಿದೆ. ಊರಲ್ಲಿದ್ದ ಅಣ್ಣನನ್ನು ಅಪ್ಪನ ಹಳೆಯ ಶಾಲೆಗೆ ಓಡಿಸಿದೆ. ಅವನು ಒಂದು ಫೋಟೊ ಕಳಿಸಿದ. ದಾಖಲೆ ಪುಸ್ತಕದ ಆ ಪುಟವನ್ನು ಗೆದ್ದಲು ತಿಂದಿತ್ತು. ಹುಟ್ಟಿದ ವರ್ಷ ನೆರೆ ಬಂದಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ನೆರೆ ನಮ್ಮಲ್ಲಿ ಯಾವ ವರ್ಷ ಬಂದಿಲ್ಲ? ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಎಪ್ಪತ್ತೆಂಟರಿಂದ ಎಂಟು ಕಳೆದರೆ ಎಪ್ಪತ್ತು ಎಂದು ಯಾರನ್ನೂ ಒಪ್ಪಿಸಲು ನನ್ನಿಂದ ಆಗಲಿಲ್ಲ.

“ಟೀಚರ್, ನಾನು ನಂಬುತ್ತೇನೆ. ನಾನು ನಂಬಿ ಎಂತ ಪ್ರಯೋಜನ?” ಎಂದ ಆ ಮಲಯಾಳಿ. ಅವನ ಮೇಲೆ ಕೋಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಕೊನೆಗೆ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರರ ಬಳಿ ಹೋದೆ. ಹೈದರಾಬಾದಿನವರು, ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಕತೆ ಕೇಳಿ ನಕ್ಕರು. ನಮ್ಮ ಮಾವನದೂ ಇದೇ ಪಾಡು, ಕರೆದುಕೊಂಡು ಬನ್ನಿ, ನಾನು ಕಾಗದ ನೋಡುವುದಿಲ್ಲ, ಮನುಷ್ಯನನ್ನು ನೋಡುತ್ತೇನೆ ಎಂದರು. ಮನೆಗೆ ಬರುವಾಗ ದಾರಿಯಲ್ಲಿ ಅಪ್ಪನಿಗೆ ಒಂದು ಬಿಸಿಲಿನ ಟೊಪ್ಪಿ ತಂದೆ.

ಆ ವಾರ ಅಪ್ಪ ಗಾಳ ಕಟ್ಟಲು ಕೂತರು. ಹಾಲ್‌ನಲ್ಲಿ ಪೇಪರ್ ಹಾಸಿ, ಗಾಳಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು. ಕತ್ತಲೆಯಲ್ಲಿ, ಮಳೆಯಲ್ಲಿ, ಬೋಟ್ ಕುಣಿಯುವಾಗ ಹರಿದ ಬಲೆ ಹೊಲಿಯುತ್ತಿದ್ದ ಕೈ ಅದು. ಗಾಳದ ಕಣ್ಣಿಗೆ ನೂಲು ಹೋಗಲಿಲ್ಲ. ಬೆರಳು ನಡುಗುತ್ತಿತ್ತು. ಎಡ ಮೊಣಕೈಯನ್ನು ಮೊಣಕಾಲಿಗೆ ಊರಿ ಮತ್ತೆ ನೋಡಿದರು.

“ಈ ನೂಲು ಸರಿ ಇಲ್ಲ ಮಾರಾಯ್ತಿ. ತೀರಾ ಸಪೂರ.”

ನಾನು ಮರುದಿನ ಬೇರೆ ನೂಲು ತಂದೆ. ಗಾಳವನ್ನೂ ದೊಡ್ಡ ಕಣ್ಣಿನದು ತಂದೆ. ಅಪ್ಪ ಮಧ್ಯಾಹ್ನವಿಡೀ ಕುಳಿತು ಆರು ಗಾಳ ಕಟ್ಟಿದರು, ಡಬ್ಬಿಯಲ್ಲಿ ಇಟ್ಟು ಮಲಗಿದರು. ನಾನು ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಗಂಟು ಜಾರಿ ಕೈಗೆ ಬಂತು. ಇನ್ನೊಂದೂ ಬಂತು. ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ವಿಡಿಯೋ ನೋಡುತ್ತ ಆರನ್ನೂ ಬಿಚ್ಚಿ ಕಟ್ಟಿದೆ. ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ, ಗಂಡನಿಗೂ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ನನಗೆ ಭಯವಾಗಿತ್ತು.

ಗುರುವಾರ ಸಂಜೆ ಕ್ಲಿನಿಕ್ಕಿಗೆ ಹೋದೆವು. ಅಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು. ಡಾಕ್ಟರರು ಬಿಪಿ ನೋಡಿದರು, ಎದೆಗೆ ಕೊಳವೆ ಇಟ್ಟರು, ಗೋಡೆಯಿಂದ ಬಾಗಿಲವರೆಗೆ ನಡೆಸಿದರು. ಅಪ್ಪ ಒಮ್ಮೆ ಮಂಚದ ಅಂಚು ಮುಟ್ಟಿದರು, ಅಷ್ಟೆ. ಡಾಕ್ಟರರು ಕುರ್ಚಿಗೆ ಮರಳಿ ಲೆಟರ್‌ಹೆಡ್ ಎಳೆದುಕೊಂಡರು. ಅವರು ಬರೆದುಕೊಡುತ್ತಾರೆ ಎಂದು ನನಗೆ ಖಾತ್ರಿಯಾಯಿತು.

“ನಿಮ್ಮ ಮಗಳು ಎಪ್ಪತ್ತು ಅನ್ನುತ್ತಾಳೆ, ಚಾಚಾ,” ಎಂದರು ಉರ್ದುವಿನಲ್ಲಿ. “ಹಾಗೆಂದೇ ಬರೆಯಲಾ?”

ಅಪ್ಪ ತಮ್ಮ ಹಳೆಯ ಗಲ್ಫ್ ಹಿಂದಿಯಲ್ಲಿ ಹೇಳಿದರು: “ಅವಳಿಗೆ ಗೊತ್ತಿಲ್ಲ ಡಾಕ್ಟರ್ ಸಾಬ್. ಎಪ್ಪತ್ತೆಂಟು. ಪಾಸ್‌ಪೋರ್ಟಿನಲ್ಲಿ ಇರುವುದೇ ಸರಿ.”

ನಾನು ಬಾಯಿ ತೆರೆದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ಆ ಹಿಡಿತದಲ್ಲಿ ನಡುಕವಿರಲಿಲ್ಲ.

“ಚಕ್ಕರ್ ಬರುತ್ತದೆ,” ಎಂದು ಮುಂದುವರಿಸಿದರು. “ಬೆಳಿಗ್ಗೆ ಏಳುವಾಗ. ಬಚ್ಚಲಲ್ಲಿ ಎರಡು ಸಲ ಬಿದ್ದೆ. ಇವರಿಗೆ ಹೇಳಲಿಲ್ಲ.”

ಡಾಕ್ಟರರು ಪೆನ್ನು ಕೆಳಗಿಟ್ಟರು. ಆಮೇಲೆ ಬೋಟಿನ ಮಾತು ಬರಲಿಲ್ಲ. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್, ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂಬ ಮಾತು ಬಂತು. ನಾನು ತಲೆ ಆಡಿಸುತ್ತ ಕುಳಿತಿದ್ದೆ. ನನ್ನದೇ ಮನೆಯ ಬಚ್ಚಲು. ಎರಡು ಸಲ ಬಿದ್ದದ್ದು ನನಗೆ ಗೊತ್ತಿರಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಮಲಯಾಳಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿತ್ತು. ಡಾಕ್ಟರ್ ಕಾಗದ ಸಿಗಲಿಲ್ಲ ಎಂದೆ. ಅಯ್ಯೋ ಟೀಚರ್ ಎಂದ, ನಿಜವಾಗಿ ಬೇಸರಪಟ್ಟುಕೊಂಡ. ಆಮೇಲೆ ಸಮಾಧಾನ ಹೇಳಲು ನೋಡಿದ.

“ಅಪ್ಪನ ಹೆಸರು ಮಾತ್ರ ತೆಗೆಯುತ್ತೇನೆ. ನೀವು ಬರಬಹುದು. ಹೆಂಗಸರಿಗೆ ಎಂತ ಅಡ್ಡಿಯೂ ಇಲ್ಲ.”

ನಾನು ಫೋನ್ ಇಟ್ಟೆ.

“ನೀನು ಹೋಗು ಮಗಾ,” ಎಂದರು ಅಪ್ಪ. “ಅಳಿಯನನ್ನು ಕರ್ಕೊಂಡು ಹೋಗು.”

ಅಷ್ಟು ಸಾಕಾಯಿತು. ಗಂಡನನ್ನು ಕರೆದುಕೊಂಡು ಹೋಗಲು ನನಗೆ ಹುಚ್ಚಾ ಎಂದೆ. ಡಾಕ್ಟರ್ ಬರೆಯಲಿಕ್ಕೇ ಹೊರಟಿದ್ದರು, ನೀವೇ ಕೆಡಿಸಿದಿರಿ ಎಂದೆ. ಒಂದು ತಿಂಗಳಿಂದ ಇದಕ್ಕಾಗಿ ಕಂಡಕಂಡವರ ಕಾಲು ಹಿಡಿದಿದ್ದೇನೆ, ಜೀವಮಾನವಿಡೀ ಬೇಡ ಎಂದ ಆ ವಯಸ್ಸು ಇವತ್ತೇ ಯಾಕೆ ಬೇಕಾಯಿತು ಎಂದೆ. ಕಾರಿನ ಗಾಜು ಏರಿಸಿತ್ತು, ಇಲ್ಲದಿದ್ದರೆ ಪಕ್ಕದ ಬಕಾಲಾ ಅಂಗಡಿಯವನಿಗೂ ಕೇಳಿಸುತ್ತಿತ್ತು.

ಅಪ್ಪ ನನ್ನ ಬೈಗುಳ ಮುಗಿಯುವವರೆಗೆ ಕಾದರು.

“ಗಾಳ ನೀನು ಬಿಚ್ಚಿ ಕಟ್ಟಿದ್ದು ನಂಗೆ ಗೊತ್ತುಂಟು. ಅದು ನನ್ನ ಗಂಟಲ್ಲ.”

ನಾನು ಫೋನನ್ನು ಚೀಲಕ್ಕೆ ತುರುಕಿದೆ.

“ಬೋಟಿನಲ್ಲಿ ನಂಗೆ ತಲೆ ತಿರುಗಿತು ಅಂತ ಇಟ್ಕೊ. ಬಿದ್ದೆ. ಆಗ ನೀನು ಎಂತ ಮಾಡ್ತೀ?”

“ಲೈಫ್ ಜಾಕೆಟ್ ಇರ್ತದೆ ಅಪ್ಪಾ.”

“ಆ ಸೆಕೆಯಲ್ಲಿ ಯಾರು ಅದನ್ನು ಹಾಕ್ಕೊಂಡು ಕೂರ್ತಾರೆ? ನಾನು ಬಿದ್ರೆ ನೀನು ಹಾರ್ತಿ. ನಿನ್ನನ್ನು ನಂಗೆ ಗೊತ್ತಿಲ್ವಾ? ಮತ್ತೆ ಒಬ್ಬರನ್ನೊಬ್ಬರು ಹಿಡ್ಕೊಂಡು ಇಬ್ಬರೂ ಹೋಗ್ತೇವೆ.” ಅವರು ಮಡಿಲಲ್ಲಿದ್ದ ಟೊಪ್ಪಿಯನ್ನು ತಿರುಗಿಸಿ ನೋಡಿದರು. “ನಿಂಗೆ ಈಜ್ಲಿಕ್ಕೆ ಬರುದಿಲ್ಲ ಮಗಾ. ನಾನು ಕಲಿಸ್ಲಿಲ್ಲ.”

ಮೂವತ್ತೈದು ವರ್ಷ ನಾನು ಅವರಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಅದರಿಂದ ಏನೂ ಮಾಡಲು ಬರುತ್ತಿರಲಿಲ್ಲ. ನನಗೆ ಅಳು ಬಂತು, ಅವರೂ ಅದನ್ನು ನೋಡಿ ಬೇರೆ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಸೀಟ್ ಬೆಲ್ಟ್ ಎಳೆದುಕೊಂಡು ಸಿಕ್ಕಿಸಲು ನೋಡಿದರು. ಅದು ಒಂದು ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲಕ್ಕೆ ಕೈ ಬಿಟ್ಟು, ಬೆಲ್ಟನ್ನು ನನ್ನ ಕಡೆ ಚಾಚಿದರು. ನಾನು ಬಗ್ಗಿ ಸಿಕ್ಕಿಸಿದೆ.