ಬಾಗಿಲ ಮೇಲೆ ಹಾಕಿದ ತಪ್ಪು

ಪುಣೆಯ ಭೋಸರಿಯ ಆ ಕೋಲ್ಡ್ ಸ್ಟೋರೇಜಿನಲ್ಲಿ ಕರೆಂಟ್ ಬಿಲ್ಲು ವಿಪರೀತ ಬರುತ್ತಿದ್ದುದಕ್ಕೆ ಕಾರಣ ನಾನು. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಶರಣಪ್ಪನಲ್ಲ. ಇದು ನನಗೆ ಮೊದಲ ಬೇಸಿಗೆಯಲ್ಲೇ ಗೊತ್ತಿತ್ತು. ಕೆಲಸ ಹೋದದ್ದು ಮಾತ್ರ ಅವನದು.

ನಾನು ಇಂಥ ಶೈತ್ಯಯಂತ್ರಗಳ ವಿನ್ಯಾಸ ಮಾಡುವವನು. ಧಾರವಾಡದಿಂದ ಬಂದು ಪುಣೆಯಲ್ಲೇ, ಕೋಥರೂಡದಲ್ಲಿ ನೆಲೆಸಿದ್ದೇನೆ. ಬೆಳಗಾವಿ ಕಡೆಯ ಸುನಂದಾಬಾಯಿಯವರು ಬಟಾಣಿ, ಮಾವಿನ ತಿರುಳು ಇಡಲು ಕೋಲ್ಡ್ ಸ್ಟೋರೇಜ್ ಕಟ್ಟಿಸುವಾಗ ನನ್ನನ್ನು ಹುಡುಕಿಕೊಂಡು ಬಂದರು. ದಿನವಿಡೀ ಮರಾಠಿಯಲ್ಲಿ ವ್ಯವಹರಿಸುವವರಿಗೆ ನಮ್ಮ ಮಾತಿನವನೊಬ್ಬ ಸಿಕ್ಕನೆಂಬ ಸಮಾಧಾನ — ಆ ಸಮಾಧಾನದ ಲಾಭವನ್ನು ನಾನು ಚೆನ್ನಾಗಿಯೇ ಪಡೆದೆ.

ಮೊದಲು ಮಾಡಿದ ನಕ್ಷೆ ಸರಿಯಾಗಿತ್ತು. ಒಳಗಿನ ಶಾಖವನ್ನು ಹೊರಗೆ ಚೆಲ್ಲುವ ಕಂಡೆನ್ಸರ್ ದೊಡ್ಡದಿತ್ತು. ಕೊಳ್ಳುವಾಗ ದುಬಾರಿ, ನಡೆಸುವಾಗ ಅಗ್ಗ. ಆದರೆ ನಮ್ಮ ದಂಧೆಯಲ್ಲಿ ಕೊಟೇಶನ್‌ಗಳನ್ನು ಹೋಲಿಸುವುದು ಕೊಳ್ಳುವ ಬೆಲೆಯಲ್ಲಿ ಮಾತ್ರ. ಯಂತ್ರ ತನ್ನ ಆಯುಷ್ಯವಿಡೀ ತಿನ್ನುವ ಕರೆಂಟನ್ನು ಯಾರೂ ಬರೆಯುವುದಿಲ್ಲ. ಇನ್ನೊಬ್ಬ ಕಡಿಮೆಗೆ ಮಾಡಿಕೊಡುತ್ತಾನಂತೆ ಎಂಬ ಸುದ್ದಿ ಬಂತು. ನಾನು ಕಂಡೆನ್ಸರನ್ನು ಚಿಕ್ಕದು ಮಾಡಿದೆ. ಪುಣೆಯ ಹವೆ ತಂಪು, ನಡೆದೀತು ಎಂದುಕೊಂಡೆ. ಇಲ್ಲಿ ನೆಲೆಸಿದ ಪ್ರತಿಯೊಬ್ಬನೂ ಊರಿನಿಂದ ಬಂದ ನೆಂಟರ ಮುಂದೆ ಈ ಹವೆಯ ಬಗ್ಗೆ ಜಂಬ ಕೊಚ್ಚುತ್ತಾನೆ — ಆ ಜಂಬವನ್ನೇ ನಾನು ಲೆಕ್ಕವೆಂದು ಹಿಡಿದೆ. ಏಪ್ರಿಲ್ಲಿನಲ್ಲಿ ಭೋಸರಿಯ ತಗಡಿನ ಛಾವಣಿಗಳ ನಡುವೆ ನಿಂತು ನೋಡಿದ್ದರೆ ಸಾಕಿತ್ತು.

ಸುನಂದಾಬಾಯಿ ಒಂದೇ ಒಂದು ಪ್ರಶ್ನೆ ಕೇಳಿದ್ದರು: “ಇದನ್ನ ನಡಸಾಕ ಖರ್ಚ ಭಾಳ ಬರ್ತದೇನ್ರಿ?”

“ಇಲ್ರಿ, ಅದರ ಚಿಂತಿ ಬಿಡ್ರಿ,” ಎಂದೆ. ಮೊದಲ ನಕ್ಷೆಯ ಸುದ್ದಿ ಎತ್ತಲಿಲ್ಲ.

ಬೇಸಿಗೆ ಬಂತು. ಶಾಖ ಹೊರಗೆ ಹೋಗದೆ ಕಂಪ್ರೆಸರ್ ಬಿಡುವಿಲ್ಲದೆ ಏದುಸಿರು ಬಿಡತೊಡಗಿತು. ಬಿಲ್ಲು ನೋಡಿ ಗಾಬರಿಯಾದ ಸುನಂದಾಬಾಯಿ ನನ್ನನ್ನು ಕರೆಸಿದರು. ಒತ್ತಡ ತೋರಿಸುವ ಮುಳ್ಳು ನೋಡುತ್ತಲೇ ತಪ್ಪು ನನ್ನ ಚಿಕ್ಕ ಕಂಡೆನ್ಸರಿನದೆಂದು ಅರ್ಥವಾಯಿತು. ಯಾದಗಿರಿ ಕಡೆಯ ಶರಣಪ್ಪ, ಯಾರೂ ಹೇಳದಿದ್ದರೂ, ತಣ್ಣಗಾಗಲೆಂದು ಪೈಪು ಹಿಡಿದು ಕಂಡೆನ್ಸರಿನ ಮೇಲೆ ನೀರು ಬಿಡುತ್ತಿದ್ದ. ಆಚೆ ಹಮಾಲರು ಮಾಲು ಇಳಿಸುತ್ತಿದ್ದರು, ಬಾಗಿಲು ತೆರೆದಿತ್ತು. ಅದರತ್ತ ಕೈ ತೋರಿಸಿ ಅವನೆದುರಿಗೇ ಹೇಳಿಬಿಟ್ಟೆ: “ಬಾಗಲಾ ತಗದ ಇಡ್ತಾರ್ರೀ. ಥಂಡಿ ಎಲ್ಲಾ ಹೊರಗ ಹೋಗ್ತದ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಯೋಚಿಸಿಯೂ ಇರಲಿಲ್ಲ — ಅಥವಾ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದೆನೋ...

ಶರಣಪ್ಪ ಊರಿಗೆ ಹೋದಾಗ ಎತ್ತಿನ ಕೊರಳ ಗಂಟೆಯೊಂದನ್ನು ತಂದು ಬಾಗಿಲಿಗೆ ಕಟ್ಟಿದ. ಅದು ಸದ್ದು ಮಾಡಿದಾಗಲೆಲ್ಲ ಓಡಿಬಂದು ಬಾಗಿಲು ಮುಚ್ಚುತ್ತಿದ್ದನಂತೆ. ಮುಂದಿನ ಬೇಸಿಗೆಯಲ್ಲೂ ಬಿಲ್ಲು ಇಳಿಯಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಿದೆವೆಂದು ಸುನಂದಾಬಾಯಿ ಫೋನಿನಲ್ಲಿ ಹೇಳಿದಾಗ ನಾನು ‘ಹೌದೇನ್ರಿ’ ಎಂದೆ. ಅಷ್ಟೇ ಅಂದೆ. ಅವನ ನಂತರ ಬಂದವನ ಕಾಲದಲ್ಲೂ ಬಿಲ್ಲು ಹಾಗೆಯೇ ಇದೆ.

ಕಳೆದ ತಿಂಗಳು ಬಿಬವೇವಾಡಿಯಲ್ಲಿ ಪರಿಚಯದವರ ಮನೆಗೆ ಹೋದಾಗ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು ನಕ್ಕ. ಶರಣಪ್ಪ. ಬೇಡವೆಂದರೂ ಕೇಳದೆ ಚಹಾ ತರಿಸಿದ. ಬೇರೆ ಯಾರೂ ಯಂತ್ರದ ಕೆಲಸ ಕೊಡಲಿಲ್ಲವಂತೆ. ಹೋದಲ್ಲೆಲ್ಲ ಬಾಗಿಲಿನ ಆ ಹಳೆಯ ಮಾತು ಅವನಿಗಿಂತ ಮೊದಲೇ ಮುಟ್ಟಿರುತ್ತಿತ್ತಂತೆ. ಅದನ್ನು ದೂರಿನಂತೆ ಹೇಳಲಿಲ್ಲ. ದೂರಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಗಂಟಿ ಕಟ್ಟಿದ್ದೆರೀ ಸಾಹೇಬ್ರ,” ಎಂದ. “ಆದ್ರೂ ಎಲ್ಲೋ ನನ್ನ ಕಣ್ಣ ತಪ್ಪಿರಬೇಕು.”

ನಾನು ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ನಾಚಿಕೆಗೆಟ್ಟವನ ಹಾಗೆ ಲೋಟ ಖಾಲಿ ಮಾಡಿ ಲಿಫ್ಟಿನತ್ತ ನಡೆದೆ.

ಈಗ ಸುನಂದಾಬಾಯಿ ಎರಡನೆಯ ಕೋಣೆ ಕಟ್ಟಿಸುತ್ತಿದ್ದಾರೆ, ಮತ್ತೆ ನನ್ನನ್ನೇ ಕರೆದಿದ್ದಾರೆ. ಈ ಸಲ ದೊಡ್ಡ ಕಂಡೆನ್ಸರು, ಅಗಲ ಕೊಳವೆ, ವರ್ಷವರ್ಷವೂ ತಗಲುವ ಕರೆಂಟು — ಎಲ್ಲವನ್ನೂ ಅವರ ಮುಂದೆ ಇಡುತ್ತೇನೆ. ಆಗ ಹಳೆಯ ಕೋಣೆ ಯಾಕೆ ಹಾಗಿದೆ ಎಂದು ಅವರು ಕೇಳುತ್ತಾರೆ. ಕೇಳದಿದ್ದರೂ ಹೇಳುತ್ತೇನೆ. ಆಮೇಲೆ ಈ ಕೆಲಸ ನನಗೆ ಸಿಗುವುದು ಅನುಮಾನ, ಸಿಗಬಾರದೂ ಕೂಡ.

ಆದರೆ ಅದಕ್ಕಿಂತ ಮೊದಲು ಬಿಬವೇವಾಡಿಗೆ ಹೋಗಬೇಕು. ಕ್ಷಮೆ ಕೇಳಲು ಅಲ್ಲ — ಕೇಳಿದರೆ ಅವನು ಕೊಟ್ಟುಬಿಡುತ್ತಾನೆ, ಮತ್ತೆ ಚಹಾ ತರಿಸುತ್ತಾನೆ. ಶರಣಪ್ಪ, ನಿನ್ನ ಕಣ್ಣು ತಪ್ಪಿರಲಿಲ್ಲ, ತಪ್ಪು ಬಾಗಿಲಿನದಲ್ಲ, ನನ್ನ ನಕ್ಷೆಯದು, ಅದು ನನಗೆ ಅಂದೇ ಗೊತ್ತಿತ್ತು — ಇಷ್ಟನ್ನು ಅವನ ಮುಖ ನೋಡಿ ಹೇಳಬೇಕು.