ಮೇಲಿನ ಮನೆ ಅಂಕಲ್ ತಲೆಯ ಕ್ಷೇತ್ರಫಲ

ಚರ್ಮದ ಡಾಕ್ಟರು ನನ್ನ ಬೈತಲೆಯನ್ನು ಭೂತಗನ್ನಡಿಯಲ್ಲಿ ನೋಡಿ ಮುಗಿಸಿ, ಕೈ ತೊಳೆದುಕೊಂಡು ಬಂದು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಬೆಕ್ಕಿದ್ಯಾ?" ಎಂದು.

ನಾನು ಕಕ್ಕಾಬಿಕ್ಕಿಯಾದೆ. ನಲವತ್ತು ದಾಟಿದ ಮೇಲೆ ಬೈತಲೆ ಅಗಲವಾಗುತ್ತಾ ಹೋಗಿ, ಆಫೀಸಿನ ಲಿಫ್ಟಿನ ಕನ್ನಡಿಯಲ್ಲಿ ನನ್ನ ನೆತ್ತಿ ನನಗೇ ಹೊಳೆಯತೊಡಗಿದಾಗ ಧೈರ್ಯ ಮಾಡಿ ಜಯನಗರದ ಆ ಕ್ಲಿನಿಕ್ಕಿಗೆ ಹೋಗಿದ್ದೆ. ಥೈರಾಯ್ಡ್ ಇದೆಯಾ, ಟೆನ್ಷನ್ ಇದೆಯಾ ಎಂದೆಲ್ಲ ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬೆಕ್ಕಿನ ಪ್ರಶ್ನೆಗೆ ಮಾಡಿಕೊಂಡಿರಲಿಲ್ಲ.

"ಇದೆ ಡಾಕ್ಟ್ರೇ. ಹೇಗೆ ಗೊತ್ತಾಯ್ತು?"

"ನಿಮ್ಮ ಕಪ್ಪು ಕುರ್ತಾ ತುಂಬಾ ಅದರದ್ದೇ ಕೂದಲು," ಎಂದರು. "ಅದಕ್ಕೆ ಚೆನ್ನಾಗೇ ಬೆಳೀತಿದೆ."

ಆಮೇಲೆ ವಿವರಿಸಿದರು. ಅವರು ಬರೆದುಕೊಡುತ್ತಿದ್ದದ್ದು ಮಿನಾಕ್ಸಿಡಿಲ್ ಎಂಬ ನೀರಿನಂಥ ಔಷಧಿ. ದಿನಕ್ಕೊಂದು ಸಲ, ಒಂದೇ ಎಂಎಲ್, ಒಣಗಿದ ತಲೆಗೆ. ಕೂದಲಿಗಲ್ಲ, ಬುಡದ ಚರ್ಮಕ್ಕೆ. ಹಚ್ಚಿದ ಮೇಲೆ ಕೈ ತೊಳೆಯಬೇಕು, ಹಣೆಗೆ ಇಳಿಯಲು ಬಿಡಬಾರದು, ಪೂರ್ತಿ ಒಣಗುವವರೆಗೆ ದಿಂಬಿಗೆ ತಲೆ ಕೊಡಬಾರದು. ಬಿಪಿ, ಹಾರ್ಟಿನ ತೊಂದರೆ ಏನಾದರೂ ಇದೆಯೇ, ಮಗುವಿನ ಯೋಚನೆ ಇದೆಯೇ ಎಂದೂ ಕೇಳಿದರು. ಎಲ್ಲಕ್ಕೂ ಇಲ್ಲವೆಂದೆ. ಕೊನೆಗೆ ಮತ್ತೆ ಬೆಕ್ಕಿಗೆ ಬಂದರು. "ಮನುಷ್ಯರ ತಲೆಗೆ ಔಷಧಿ, ಬೆಕ್ಕಿಗೆ ಇದು ವಿಷ. ಸ್ವಲ್ಪ ನೆಕ್ಕಿದ್ರೂ ಜೀವಕ್ಕೇ ಅಪಾಯ. ನಿಮ್ಮ ತಲೆ, ಕೈ, ದಿಂಬು, ಟವೆಲು, ಯಾವುದನ್ನೂ ನೆಕ್ಕೋಕೆ ಬಿಡಬೇಡಿ. ಒಣಗಿದ ಮೇಲೂ ಅಷ್ಟೇ."

ನಮ್ಮ ಬೆಕ್ಕಿಗೆ ನನ್ನ ತಲೆ ನೆಕ್ಕುವುದನ್ನು ಬಿಟ್ಟರೆ ಬೇರೆ ಹವ್ಯಾಸವಿರಲಿಲ್ಲ. ನನ್ನ ದಿಂಬಿನ ಮೇಲೇ ಮಲಗಿ, ಬೆಳಗಾಗುವ ಹೊತ್ತಿಗೆ ನೆತ್ತಿಯನ್ನು ಶ್ರದ್ಧೆಯಿಂದ ನೆಕ್ಕಿ ಎಬ್ಬಿಸುತ್ತಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಬೆಕ್ಕನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಿಂದ ಎತ್ತಿ ತಂದವಳು ಅಮ್ಮ. ಅದು ಬಂದ ಮೇಲೆ ನನ್ನ ಸ್ಥಾನ ಮನೆಯಲ್ಲಿ ಎರಡನೆಯದಕ್ಕೆ ಇಳಿದಿತ್ತು. ಅಮ್ಮ ಔಷಧಿಯ ಬಾಟಲಿಯನ್ನು ದೂರದಿಂದಲೇ ನೋಡಿದಳು.

"ಇದು ಈ ಮನೆ ಒಳಗೆ ಬರಕೂಡದು."

"ಅಮ್ಮಾ, ಬಾತ್ರೂಮಲ್ಲಿ ಹಚ್ಕೊಂಡು ರೂಮ್ ಬಾಗಿಲು ಹಾಕ್ಕೋತೀನಿ. ಡಾಕ್ಟ್ರು ಅಷ್ಟು ಸಾಕು ಅಂದ್ರು."

"ಡಾಕ್ಟ್ರಿಗೇನು ಗೊತ್ತು, ಅವರ ಮನೇಲಿ ಬೆಕ್ಕಿದ್ಯಾ? ನಿನಗೆ ಕೂದಲು ಮುಖ್ಯಾನೋ ಜೀವ ಮುಖ್ಯಾನೋ?"

"ಯಾರ ಜೀವ?"

ಅಮ್ಮ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ತೀರ್ಪು ಬಂತು: ಮೇಲಿನ ಮನೆಗೆ ಹೋಗಿ ಹಚ್ಚಿಕೊಳ್ಳುವುದು, ಬಾಟಲಿಯನ್ನು ಅಲ್ಲೇ ಇಡುವುದು, ಒಣಗುವವರೆಗೆ ಅಲ್ಲೇ ಕೂರುವುದು, ಆಮೇಲೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು ರೂಮಿನ ಚಿಲಕ ಹಾಕಿ ಮಲಗುವುದು. ಮೇಲಿನ ಮನೆ ಆಂಟಿಗೆ ಅಮ್ಮ ಆಗಲೇ ಫೋನ್ ಮಾಡಿಯಾಗಿತ್ತು.

ಹೀಗೆ ನನ್ನ ತಲೆ ಮೇಲಿನ ಮಹಡಿಗೆ ವರ್ಗವಾಯಿತು.

ಮೇಲಿನ ಮನೆಯಲ್ಲಿ ಆಂಟಿ ಮತ್ತು ಅಂಕಲ್ ಇಬ್ಬರೇ ಇದ್ದರು. ಅಂಕಲ್ ಇಂಜಿನಿಯರ್ ಆಗಿ ನಿವೃತ್ತರಾದವರು. ತಲೆಯ ಮೇಲೆ ಏನೂ ಇಲ್ಲ. ಕಿವಿಯಿಂದ ಕಿವಿಗೆ ಹಿಂಭಾಗದಲ್ಲಿ ಬಿಳಿಯ ಒಂದು ಅರ್ಧಚಂದ್ರ ಮಾತ್ರ. ಆಂಟಿ ಹೈಸ್ಕೂಲು ಟೀಚರಾಗಿದ್ದವರು, ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಮೊದಲ ದಿನವೇ ಊಟದ ಮೇಜಿನ ಕುರ್ಚಿಯೊಂದನ್ನು ಟಿವಿಯ ಮುಂದೆ ಎಳೆದು, ನನ್ನನ್ನು ಕೂರಿಸಿ, ಹಿಂದೆ ನಿಂತು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಡ್ರಾಪರ್ ಹಿಡಿದರು.

"ಆಂಟಿ, ನಾನೇ ಹಚ್ಕೋತೀನಿ."

"ನಿನ್ನ ನೆತ್ತಿ ನಿನಗೆ ಕಾಣತ್ತೇನಮ್ಮ? ಸುಮ್ನೆ ಕೂತ್ಕೋ. ಅಯ್ಯೋ, ಎಷ್ಟು ಚೆಂದದ ಕೂದಲಿತ್ತು ನಿಂದು. ಇರಲಿ ಬಿಡು, ಬರತ್ತೆ."

ಆಂಟಿ ಬೈತಲೆಯ ಉದ್ದಕ್ಕೂ ಹನಿ ಹನಿಯಾಗಿ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದರು. ಇಡೀ ಮನೆ ಇಂಜೆಕ್ಷನ್ ಕೊಡುವ ಮುಂಚೆ ಹಚ್ಚುವ ಸ್ಪಿರಿಟ್ಟಿನ ಹಾಗೆ ನಾರುತ್ತಿತ್ತು. ಅಂಕಲ್ ಸೋಫಾದಲ್ಲಿ ಕೂತು ನ್ಯೂಸ್ ನೋಡುತ್ತಾ ನಡುನಡುವೆ ಇತ್ತ ತಿರುಗುತ್ತಿದ್ದರು.

ಒಂದು ಸಂಜೆ ಕೇಳಿದರು, "ಏನಮ್ಮಾ, ಒಂದು ಎಂಎಲ್ ಅಂತ ಹೇಗೆ ಲೆಕ್ಕ ಹಾಕಿದ್ರು ನಿಮ್ಮ ಡಾಕ್ಟ್ರು?"

"ಗೊತ್ತಿಲ್ಲ ಅಂಕಲ್. ಎಲ್ಲರಿಗೂ ಅಷ್ಟೇ ಅಂತೆ."

"ಎಲ್ಲರಿಗೂ ಹೇಗೆ ಅಷ್ಟೇ ಆಗತ್ತೆ? ಏರಿಯಾ ನೋಡ್ಬೇಡ್ವಾ? ನಿನ್ನದು ಒಂದು ಸ್ಟ್ರಿಪ್ಪು. ಪೂರ್ತಿ ಸೈಟೇ ಖಾಲಿ ಇರೋರು ಏನು ಮಾಡ್ಬೇಕು?"

"ಖಾಲಿ ಇರೋರು ನ್ಯೂಸ್ ನೋಡ್ಬೇಕು," ಎಂದರು ಆಂಟಿ, ಟಾರ್ಚು ಕದಲಿಸದೆ.

ಅಂಕಲ್ ಟಿವಿಯ ಕಡೆ ತಿರುಗಿದರು. ನಾನು ನಕ್ಕುಬಿಟ್ಟೆ.

ಕೆಲವು ವಾರ ಕಳೆಯುವಷ್ಟರಲ್ಲಿ ನನ್ನ ಕೂದಲು ಮೊದಲಿಗಿಂತ ಹೆಚ್ಚು ಉದುರತೊಡಗಿತು. ಶುರುವಿನಲ್ಲಿ ಹಾಗಾಗುತ್ತದೆ, ಗಾಬರಿಯಾಗಿ ನಿಲ್ಲಿಸಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಬಾಚಣಿಗೆಯ ಮೇಲಿನ ಗಂಟನ್ನು ದಿನಾ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಮ್ಮ ಅದನ್ನು ನೋಡಿ, "ಬೆಕ್ಕು ನೆಕ್ತಾ ಇದ್ದಾಗಲೇ ಚೆನ್ನಾಗಿತ್ತು," ಎಂದಳು.

ವಿಚಿತ್ರವೆಂದರೆ, ಔಷಧಿ ನನ್ನ ಕೂದಲಿಗಿಂತ ವೇಗವಾಗಿ ಖಾಲಿಯಾಗುತ್ತಿತ್ತು. ಎರಡು ತಿಂಗಳು ಬರಬೇಕಾದ ಬಾಟಲಿ ಮೂರನೇ ವಾರಕ್ಕೇ ತಳ ಕಂಡಿತು. ಆಂಟಿ, "ಸ್ಪಿರಿಟ್ ಅಲ್ವಾ, ಹಾರಿಹೋಗತ್ತೆ," ಎಂದರು. ಇನ್ನೊಂದು ಕೊಂಡೆ. ಅದು ಇನ್ನೂ ಬೇಗ ಮುಗಿಯಿತು. ಮೆಡಿಕಲ್ ಶಾಪಿನವನು ಬಾಟಲಿ ಕೊಡುವ ಮುಂಚೆ ನನ್ನನ್ನು ದಿಟ್ಟಿಸಿ ನೋಡಿ, "ಮೇಡಂ, ಇದನ್ನ ಕುಡೀತಿಲ್ಲ ತಾನೆ?" ಎಂದ.

ನನಗೆ ಅನುಮಾನ ಬಂದದ್ದು ಅಮ್ಮನ ಮೇಲೆ. ಬೆಳಿಗ್ಗೆ ನಾನು ಆಫೀಸಿಗೆ ಹೋದ ಮೇಲೆ ಕಾಫಿಗೆಂದು ಮೇಲೆ ಹೋಗಿ ಸಿಂಕಿಗೆ ಸುರಿಯುತ್ತಿರಬೇಕು ಎಂದುಕೊಂಡೆ. ಕೇಳಿಯೂ ಕೇಳಿದೆ. ಅಮ್ಮ ಬೆಕ್ಕಿನ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅಷ್ಟಾದ ಮೇಲೆ ನಂಬದೆ ವಿಧಿಯಿರಲಿಲ್ಲ.

ಆ ದಿನಗಳಲ್ಲೇ ಅಂಕಲ್ ಮಂಕಿ ಕ್ಯಾಪ್ ಹಾಕಲು ಶುರುಮಾಡಿದ್ದರು. ಬೇಸಿಗೆ ಕಾಲ; ಫ್ಯಾನಿನ ಗಾಳಿಯೂ ಬಿಸಿಯಾಗಿ ಬರುತ್ತಿತ್ತು. ಕೇಳಿದರೆ, "ಬೆಳಗಿನ ಗಾಳಿ ಆಗಲ್ಲ, ಶೀತ," ಎನ್ನುತ್ತಿದ್ದರು. ಮೊದಮೊದಲು ಯಡಿಯೂರು ಕೆರೆಯ ವಾಕಿಂಗಿಗೆ ಮಾತ್ರ ಇದ್ದ ಕ್ಯಾಪು ಬರಬರುತ್ತಾ ತಿಂಡಿಗೆ, ಪೇಪರ್ ಓದುವುದಕ್ಕೆ, ಸಂಜೆಯ ನ್ಯೂಸಿಗೂ ಉಳಿಯಿತು. ವಯಸ್ಸಾಯಿತು, ಏನೋ ಒಂದು ಹುಕಿ ಎಂದು ಎಲ್ಲರೂ ಸುಮ್ಮನಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಆಂಟಿ ಕೂಗಿದ್ದು ಕೇಳಿಸಿತು. ಓಡಿದೆ. ಅಂಕಲ್ ವಾಕಿಂಗ್ ಮುಗಿಸಿ ಬಂದವರು ನಡುವಿನ ಮೆಟ್ಟಿಲಲ್ಲೇ ಗೋಡೆಗೊರಗಿ ಕುಸಿದಿದ್ದರು. ಮುಖ ಬಿಳಿಚಿತ್ತು. ಕೈ ಎದೆಯ ಮೇಲಿತ್ತು.

"ತಲೆ ತಿರುಗ್ತಿದೆ. ಎದೆ ಡವಡವ ಅಂತಿದೆ ಕಣೇ."

"ಅಯ್ಯೋ ದೇವರೇ, ಹಾರ್ಟು!" ಎಂದರು ಆಂಟಿ.

ಅಮ್ಮ ಗ್ಯಾಸ್ ಆರಿಸಿದಳು. ನಾನು ಸ್ಕಾರ್ಫಿನಲ್ಲೇ ಓಡಿ ಆಟೋ ನಿಲ್ಲಿಸಿದೆ. ದಾರಿಯುದ್ದಕ್ಕೂ ಆಂಟಿ ಅವರ ಕೈ ಹಿಡಿದು ಏನೇನೋ ಜಪಿಸುತ್ತಿದ್ದರು. ಅಂಕಲ್ ಬೆವರು ಕ್ಯಾಪಿನ ಕೆಳಗಿನಿಂದ ಸೋರುತ್ತಿತ್ತು. ತೆಗೆಯಿರಿ ಅಂಕಲ್ ಎಂದರೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬೇಗ ಬೇಗ ಇಸಿಜಿ ಮಾಡಿಸಿದರು, ಬಿಪಿ ನೋಡಿದರು. "ಹಾರ್ಟ್ ಅಟ್ಯಾಕ್ ಥರ ಏನೂ ಕಾಣ್ತಿಲ್ಲ. ಆದ್ರೆ ಪಲ್ಸ್ ಜಾಸ್ತಿ ಇದೆ, ಬಿಪಿ ತುಂಬಾ ಕಮ್ಮಿ ಇದೆ. ಅಂಕಲ್, ಹೊಸದಾಗಿ ಏನಾದ್ರೂ ಔಷಧಿ ತಗೋತಿದ್ದೀರಾ?"

"ಬಿಪಿ ಮಾತ್ರೆ ಒಂದೇ. ವರ್ಷಗಳಿಂದ ಅದೇ," ಎಂದರು ಆಂಟಿ.

"ಅಂಕಲ್, ನೀವು ಹೇಳಿ."

"ಬಾಯಿಗೆ ಏನೂ ಹಾಕ್ಕೊಂಡಿಲ್ಲ," ಎಂದರು ಅಂಕಲ್. ಈಗ ಯೋಚಿಸಿದರೆ, ಅದು ಎಷ್ಟು ಎಚ್ಚರಿಕೆಯ ಮಾತು!

"ಸರಿ. ಆ ಕ್ಯಾಪ್ ತೆಗೀರಿ, ಇಷ್ಟು ಬೆವರ್ತಿದ್ದೀರಾ."

"ಕ್ಯಾಪಿಗೂ ಹಾರ್ಟಿಗೂ ಏನಮ್ಮಾ ಸಂಬಂಧ?"

ಆಂಟಿಯ ತಾಳ್ಮೆ ಮುಗಿದಿತ್ತು. ಕೈ ಚಾಚಿ ಕ್ಯಾಪನ್ನು ಸರಕ್ಕನೆ ಎಳೆದರು.

ಒಳಗೆ ಇನ್ನೊಂದು ಟೋಪಿ ಇತ್ತು. ಪ್ಲಾಸ್ಟಿಕ್ಕಿನದು, ಅಂಚಿಗೆ ಎಲಾಸ್ಟಿಕ್ ಇದ್ದದ್ದು, ಅಂಕಲ್ ಬೋಳುತಲೆಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಒಳಗೆಲ್ಲ ಹಬೆ ಕಟ್ಟಿತ್ತು.

ಆಂಟಿ ಒಂದು ಕ್ಷಣ ಹಾರ್ಟು, ಆಸ್ಪತ್ರೆ ಎಲ್ಲ ಮರೆತರು. "ರೀ! ಇದು ನನ್ನ ಫ್ರಿಜ್ಜಿನ ಬಟ್ಟಲ ಮೇಲೆ ಹಾಕೋ ಕವರು!"

ಡಾಕ್ಟರು ಅದನ್ನು ಮೆಲ್ಲಗೆ ಬಿಡಿಸಿದರು. ಗಪ್ಪೆಂದು ಸ್ಪಿರಿಟ್ಟಿನ ವಾಸನೆ ಬಂತು. ಅಂಕಲ್ ತಲೆ ಕೆಂಪಗೆ, ಒದ್ದೆಯಾಗಿ, ಅಲ್ಲಲ್ಲಿ ತರಚಿಕೊಂಡು ಹೊಳೆಯುತ್ತಿತ್ತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು.

"ಅಂಕಲ್, ನನ್ನ ಔಷಧೀನಾ?"

ಅಂಕಲ್ ಮಾನಿಟರ್ ಕಡೆ ನೋಡಿದರು. ಅಲ್ಲಿ ಅವರ ಪಲ್ಸು ಇನ್ನೂ ಸ್ವಲ್ಪ ಏರಿತು.

ನಿಧಾನಕ್ಕೆ ಬಾಯಿಬಿಟ್ಟರು. ನನ್ನ ಬೈತಲೆಯ ಉದ್ದಗಲವನ್ನು ಸೋಫಾದಿಂದಲೇ ಅಂದಾಜು ಮಾಡಿ, ತಮ್ಮ ತಲೆಯನ್ನು ಅರ್ಧ ಗೋಳವೆಂದು ಹಿಡಿದು, ಕ್ಷೇತ್ರಫಲ ಲೆಕ್ಕ ಹಾಕಿದ್ದರಂತೆ. ಅದರ ಪ್ರಕಾರ ಬೆಳಿಗ್ಗೆ ಒಂದು ಅಂಗೈ ತುಂಬ, ಸಂಜೆ ನಾನು ಇಳಿದುಹೋದ ಮೇಲೆ ಒಂದು ಅಂಗೈ ತುಂಬ. ಸ್ಪಿರಿಟ್ ಆವಿಯಾಗಿ ನಷ್ಟವಾಗಬಾರದೆಂದು ಕವರು. ಕವರು ಕಾಣಬಾರದೆಂದು ಕ್ಯಾಪು. ಚರ್ಮದ ರಂಧ್ರ ತೆರೆದುಕೊಳ್ಳಲೆಂದು ಹಚ್ಚುವ ಮೊದಲು ಬ್ರಷ್ಷಿನಲ್ಲಿ ಉಜ್ಜುವುದು.

ಡಾಕ್ಟರು ಪೆನ್ನನ್ನು ಕೆಳಗಿಟ್ಟರು. "ಅಂಕಲ್, ಅದು ತಲೆಗೆ ಒಂದು ಎಂಎಲ್. ಚದರ ಅಡಿಗಲ್ಲ."

ನಗು ಬರಬಾರದ ಜಾಗ ಅದು. ನಾನು ಪರದೆಯ ಕಡೆ ತಿರುಗಿ ನಿಂತೆ. ಡಾಕ್ಟರು ಮಾತ್ರ ನಗದೆ ಬಿಡಿಸಿ ಹೇಳಿದರು. ಈ ಔಷಧಿ ಮೊದಲು ಬಂದದ್ದೇ ಬಿಪಿ ಇಳಿಸುವ ಮಾತ್ರೆಯಾಗಿ. ಹೇಳಿದಷ್ಟೇ ಹಚ್ಚಿದರೆ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಆದರೆ ಅಂಗೈಗಟ್ಟಲೆ ಸುರಿದು, ತರಚಿದ ಚರ್ಮದ ಮೇಲೆ, ಪ್ಲಾಸ್ಟಿಕ್ ಮುಚ್ಚಿ ಬೇಯಿಸಿದರೆ ಒಳಗೆ ಇಳಿಯುತ್ತದೆ. ಅದರ ಮೇಲೆ ದಿನದ ಬಿಪಿ ಮಾತ್ರೆ ಬೇರೆ. "ಜಾಸ್ತಿ ಹಚ್ಚಿದ್ರೆ ಜಾಸ್ತಿ ಬೆಳೆಯಲ್ಲ ಅಂಕಲ್. ಬೇರೆಯವರಿಗೆ ಬರೆದುಕೊಟ್ಟಿದ್ದನ್ನ ಕೇಳದೆ ಹಚ್ಕೋಲೂಬಾರ್ದು."

ನರ್ಸೊಬ್ಬರು ಬಂದು ಅಂಕಲ್ ತಲೆಯನ್ನು ಸೋಪು ನೀರಿನಲ್ಲಿ ಮಗುವಿನ ತಲೆಯಂತೆ ತೊಳೆದರು. ಒಂದು ದಿನ ಇಲ್ಲೇ ಇರಲಿ, ನೋಡೋಣ ಎಂದು ಡ್ರಿಪ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಆಗ ಕಿಟಕಿಯ ಬೆಳಕಿನಲ್ಲಿ ಗಮನಿಸಿದೆವು: ತಲೆಯ ಮೇಲೆ ಒಂದೂ ಕೂದಲು ಬಂದಿರಲಿಲ್ಲ, ಔಷಧಿ ಇಳಿದಿಳಿದು ಹಣೆಯ ತುಂಬ ಮಾತ್ರ ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂಥ ನವಿರು ಕೂದಲು ಬಂದಿತ್ತು.

ಆಂಟಿ ಅಲ್ಲಿಯವರೆಗೆ ತಡೆದುಕೊಂಡಿದ್ದನ್ನು ಆಗ ಕೇಳಿದರು. "ಮದುವೆ ಆದಾಗಲೇ ಅರ್ಧ ಹೋಗಿತ್ತು ನಿಮ್ಮ ಕೂದಲು. ಯಾವತ್ತಾದ್ರೂ ಒಂದು ಮಾತು ಅಂದಿದೀನಾ? ಈಗ ಯಾರಿಗೆ ತೋರಿಸ್ಬೇಕಿತ್ತು ನಿಮಗೆ?"

ಅಂಕಲ್ ಡ್ರಿಪ್ಪಿನ ಕಡೆ ಮುಖ ತಿರುಗಿಸಿದರು. ನಾನು ಎದ್ದು ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಹೇಳಿದರು:

"ದಿನಾ ಸಂಜೆ ಈ ಹುಡುಗಿ ತಲೆ ಹಿಡ್ಕೊಂಡು ಎಷ್ಟು ನಿಧಾನಕ್ಕೆ ಹಚ್ತಿದ್ದೆ ನೀನು. 'ಬರತ್ತೆ ಬಿಡು, ಬರತ್ತೆ' ಅಂತಿದ್ದೆ. ನಾಲ್ಕು ಕೂದಲು ಬಂದ್ರೆ ನನ್ನದನ್ನೂ ಸ್ವಲ್ಪ ನೋಡ್ತೀಯೇನೋ ಅಂತ."

ಆಂಟಿ ಸೆರಗಿನ ತುದಿಯಿಂದ ಅವರ ಹಣೆಯ ಬೆವರನ್ನು ಒರೆಸಿದರು, ಬೆವರು ಆರಿ ಎಷ್ಟೋ ಹೊತ್ತಾಗಿದ್ದರೂ. ನಾನು ಕಾಫಿ ತರುವ ನೆಪದಲ್ಲಿ ಕ್ಯಾಂಟೀನಿಗೆ ಹೋದೆ.

ಮರುದಿನ ಅಂಕಲ್ ನಡೆದುಕೊಂಡೇ ಮನೆಗೆ ಬಂದರು. ಎದೆಬಡಿತ ಸರಿಹೋಗಿತ್ತು. ನನ್ನ ಚರ್ಮದ ಡಾಕ್ಟರ ಬಳಿ ಆಂಟಿಯೇ ಕರೆದುಕೊಂಡು ಹೋದರು. ಇಷ್ಟು ವರ್ಷದ ಬೋಳಿಗೆ ಹಚ್ಚುವ ಔಷಧಿಯಿಂದ ಹೆಚ್ಚೇನೂ ಆಗದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅಂಕಲ್ ಅದನ್ನು ಇಂಜಿನಿಯರ್ ಆಗಿ ಒಪ್ಪಿಕೊಂಡರು. ಹಣೆಯ ನವಿರು ಕೆಲವು ತಿಂಗಳಲ್ಲಿ ತಾನಾಗಿಯೇ ಹೋಯಿತು. ಹೋಗುವವರೆಗೂ ಅದನ್ನು ಬೋಳಿಸಲು ಮಾತ್ರ ಅವರು ಬಿಡಲಿಲ್ಲ.

ನನ್ನ ಬಾಟಲಿ ಕೆಳಗೆ ಬಂತು, ಬೀಗವಿರುವ ಕಪಾಟಿಗೆ. ಮೇಲಿನ ಮನೆಯಲ್ಲಿ ನಡೆದದ್ದನ್ನು ಕೇಳಿದ ಮೇಲೆ ಅಮ್ಮ ಮೆತ್ತಗಾಗಿದ್ದಳು. ಬೆಕ್ಕು ಈಗ ಅವಳ ರೂಮಿನಲ್ಲಿ ಮಲಗುತ್ತದೆ, ನನ್ನ ರೂಮಿಗೆ ಅದಕ್ಕೆ ಪ್ರವೇಶವಿಲ್ಲ. ಹಚ್ಚುವುದನ್ನು ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಇಂದಿಗೂ ಹಚ್ಚುತ್ತೇನೆ.

ಆರೇಳು ತಿಂಗಳ ಮೇಲೆ ಬನಶಂಕರಿಯಲ್ಲಿ ಒಂದು ಮದುವೆಗೆ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ನನ್ನ ಬೈತಲೆಯ ಎರಡೂ ಬದಿಗೆ ಹೊಸ ಕೂದಲು ಬಂದಿತ್ತು, ಬೆರಳುದ್ದವೂ ಇಲ್ಲದ್ದು, ಬಾಚಿದರೆ ಬಗ್ಗದೆ ನೆಟ್ಟಗೆ ನಿಲ್ಲುವಂಥದ್ದು. ಛತ್ರದ ಕೈತೊಳೆಯುವ ಜಾಗದಲ್ಲಿ ಆಂಟಿ ನನ್ನನ್ನು ಹಿಡಿದು ನಿಲ್ಲಿಸಿ, ಅಂಗೈ ಒದ್ದೆ ಮಾಡಿಕೊಂಡು ಅದನ್ನು ಒತ್ತಿ ಕೂರಿಸಲು ನೋಡಿದರು. ಕೈ ತೆಗೆದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ಅಂಕಲ್ ಪಕ್ಕದಲ್ಲಿ ಬೀಡ ಅಗಿಯುತ್ತಾ ನೋಡುತ್ತಿದ್ದರು.

"ಬಿಡೇ, ನಿಂತ್ಕೊಳ್ಳಲಿ," ಎಂದರು. "ಕಷ್ಟಪಟ್ಟು ಬಂದಿದಾವೆ."